ಯಾರದೋ ಡಾಲರು, ಎಲ್ಲಮ್ಮನ ಜಾತ್ರೆ

ಪರದೇಶದಲ್ಲಿ ಬಾಂಡು ಮಾರಿ ಸಾಲ ಎತ್ತಬೇಕಾದರೆ ಮೊದಲು ತನ್ನದೊಂದು ದೇಶ ಇರಬೇಕು ಎಂದು ನೀವು ನಂಬಿದ್ದರೆ, ನಿಮಗೆ ಲಂಡನ್ ಪೇಟೆಯ ಚರಿತ್ರೆ ಗೊತ್ತಿಲ್ಲ ಎಂದಾಯಿತು. 1822ರಲ್ಲಿ ಗ್ರೆಗರ್ ಮ್ಯಾಕ್‌ಗ್ರೆಗರ್ ಎಂಬ ಸ್ಕಾಟ್ಲೆಂಡಿನ ಮಾಜಿ ಸೈನಿಕ, ತಾನು ಮಧ್ಯ ಅಮೆರಿಕದ ಪೊಯಾಯಿಸ್ ಎಂಬ ದೇಶದ ದೊರೆ ಎಂದು ಅಲ್ಲಿ ಸಾರಿಕೊಂಡ. ರಾಜಧಾನಿ, ಬ್ಯಾಂಕು, ನಾಟಕಶಾಲೆ, ಗುಮ್ಮಟದ ಚರ್ಚು ಎಲ್ಲವೂ ಆ ದೇಶಕ್ಕಿದ್ದವು, ಅವನು ಅಚ್ಚು ಹಾಕಿಸಿದ ದಪ್ಪ ಪುಸ್ತಕದೊಳಗೆ. ಪುಸ್ತಕದ ಹೊರಗೆ ಇದ್ದದ್ದು ಕಾಡು. ಆ ಕಾಡಿನ ಹೆಸರಿನಲ್ಲಿ ಎರಡು ಲಕ್ಷ ಪೌಂಡಿನ ಬಾಂಡು ಬಿಟ್ಟ, ಬಡ್ಡಿ ಶೇ. 6. ಭೂಪಟದಲ್ಲಿ ನಿಜಕ್ಕೂ ಇದ್ದ ಪೆರು, ಚಿಲಿ, ಕೊಲಂಬಿಯಗಳೂ ಆ ವರ್ಷ ಅದೇ ಲಂಡನ್ನಿನಲ್ಲಿ ಶೇ. 6ರ ಬಾಂಡನ್ನೇ ಮಾರುತ್ತಿದ್ದವು. ಇರುವ ದೇಶಕ್ಕೂ ಇಲ್ಲದ ದೇಶಕ್ಕೂ ಬಾಂಡಿನ ಮೇಲೆ ಬರೆದ ಬಡ್ಡಿಯಲ್ಲಿ ಕಾಲು ಪರ್ಸೆಂಟಿನ ಭೇದವೂ ಇರಲಿಲ್ಲ. ಸಮಾನತೆ ಎಂದರೆ ಇದು.

ಪುಸ್ತಕ ನಂಬಿ ಹಡಗು ಹತ್ತಿದ ಸುಮಾರು 250 ಮಂದಿಯಲ್ಲಿ ಹೆಚ್ಚಿನವರು ಜ್ವರಕ್ಕೆ, ಹಸಿವಿಗೆ ಸತ್ತರು. ಮ್ಯಾಕ್‌ಗ್ರೆಗರ್ ಪ್ಯಾರಿಸಿಗೆ ಹೋಗಿ ಅದೇ ಅಂಗಡಿ ಮತ್ತೆ ತೆರೆದ. ಕೋರ್ಟಿನಲ್ಲಿ ಖುಲಾಸೆಯಾದ. 1845ರಲ್ಲಿ ಕರಾಕಸ್‌ನಲ್ಲಿ ಸೇನಾ ಮರ್ಯಾದೆಯೊಂದಿಗೆ ಮಣ್ಣಾದ.

ಇತಿಹಾಸಕಾರರು ಅವನನ್ನು ವಂಚಕ ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ. ನನ್ನ ಮಟ್ಟಿಗೆ ಅವನೊಬ್ಬ ಆಚಾರ್ಯಪುರುಷ. ಪರದೇಶಿ ಸಾಲದ ಮೂಲಸೂತ್ರವನ್ನು ಕಂಡುಹಿಡಿದವನೇ ಅವನು: ಸಹಿ ಹಾಕುವವನು ಒಬ್ಬ, ಕಮಿಷನ್ ಎಣಿಸುವವನು ಇನ್ನೊಬ್ಬ, ತೀರಿಸುವವನು ಮತ್ತೊಬ್ಬ. ಈ ಮೂರನೆಯವನು ಮಾತುಕತೆಯ ಕೋಣೆಯೊಳಗೆ ಬರಕೂಡದು. ಮ್ಯಾಕ್‌ಗ್ರೆಗರ್‌ನ ಕಾಲದಲ್ಲಿ ಆ ಮೂರನೆಯವನು ಸಾಯಲಿಕ್ಕೆ ಸಮುದ್ರ ದಾಟಬೇಕಿತ್ತು. ಈಗ ಆ ತ್ರಾಸವಿಲ್ಲ, ತನ್ನ ಊರಲ್ಲೇ ಇದ್ದರೆ ಸಾಕು.

ಶಾಸ್ತ್ರ ತಿಳಿಯದವರಿಗಾಗಿ ಎರಡು ಮಾತು. ಬಾಂಡು ಎಂದರೆ ಸಾಲಪತ್ರ. ಇಂತಿಷ್ಟು ವರ್ಷ ಬಡ್ಡಿ ಕೊಡುತ್ತೇನೆ, ಗಡುವು ಮುಗಿದ ದಿನ ಅಸಲು ಕೊಡುತ್ತೇನೆ ಎಂದು ಸರ್ಕಾರವೋ ಕಂಪನಿಯೋ ಬರೆದುಕೊಡುವ ಕಾಗದ. ಅದನ್ನು ಸ್ವಂತ ನೋಟಿನಲ್ಲಿ ಬರೆದರೆ ದೇಶೀ ಸಾಲ. ಪರರ ನೋಟಿನಲ್ಲಿ ಬರೆದರೆ ಪ್ರತಿಷ್ಠೆ. ಹೊರಗಿನವರು ಟೋಕಿಯೋಗೆ ಹೋಗಿ ಯೆನ್‌ನಲ್ಲಿ ಎತ್ತಿದರೆ ಅದು ಸಮುರಾಯ್ ಬಾಂಡು, ನ್ಯೂಯಾರ್ಕಿನಲ್ಲಿ ಡಾಲರಿನಲ್ಲಿ ಎತ್ತಿದರೆ ಯಾಂಕಿ, ಲಂಡನ್ನಿನಲ್ಲಿ ಪೌಂಡಿನಲ್ಲಿ ಎತ್ತಿದರೆ ಬುಲ್‌ಡಾಗ್, ಚೀನಾದಲ್ಲಿ ಯುವಾನ್‌ನಲ್ಲಿ ಎತ್ತಿದರೆ ಪಾಂಡಾ. ಇಷ್ಟು ಮುದ್ದಾದ ಹೆಸರುಗಳನ್ನಿಟ್ಟ ಮೇಲೆ ಯಾರೋ ಕಚ್ಚುತ್ತಾರೆ ಎಂಬ ಅನುಮಾನ ಬರುವುದಾದರೂ ಹೇಗೆ?

ಇವೆಲ್ಲಕ್ಕಿಂತ ದೊಡ್ಡ ಕುಲ ಯೂರೋಬಾಂಡಿನದು. ಈಗಿನ ಯೂರೋ ನೋಟಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಯಾವ ದೇಶದ ನಾಣ್ಯವೋ ಆ ದೇಶದ ಪೇಟೆಯಿಂದ ಹೊರಗೆ ಮಾರಿದರೆ ಅದು ಯೂರೋಬಾಂಡು. ಮೊದಲನೆಯದು ಹುಟ್ಟಿದ್ದು 1963ರ ಜುಲೈಯಲ್ಲಿ. ಇಟಲಿಯ ಹೆದ್ದಾರಿ ಕಂಪನಿ ಆಟೊಸ್ಟ್ರಾಡೆಗೆ ಒಂದೂವರೆ ಕೋಟಿ ಡಾಲರ್ ಬೇಕಿತ್ತು. ಸಾಲ ಹೊಂದಿಸಿದ್ದು ಲಂಡನ್ನಿನ ಎಸ್. ಜಿ. ವಾರ್‌ಬರ್ಗ್ ಬ್ಯಾಂಕು. ಲಂಡನ್ನಿನಲ್ಲಿ ಸ್ಟಾಂಪ್ ಡ್ಯೂಟಿ ಬೀಳುತ್ತದೆಂದು ಕಾಗದ ಹೊರಬಿದ್ದದ್ದು ಆಮ್‌ಸ್ಟರ್‌ಡಾಮಿನ ವಿಮಾನ ನಿಲ್ದಾಣದಲ್ಲಿ. ಬಡ್ಡಿಯ ಮೇಲೆ ಬ್ರಿಟನ್ನಿನ ಆದಾಯ ತೆರಿಗೆ ಬೀಳಬಾರದೆಂದು ಕೂಪನ್, ಅಂದರೆ ಬಡ್ಡಿ ಚೀಟಿಯ ಬಟವಾಡೆ ಲಕ್ಸೆಂಬರ್ಗಿನಲ್ಲಿ. ಬಾಂಡಿನ ಮೇಲೆ ಒಡೆಯನ ಹೆಸರಿಲ್ಲ, ಯಾರ ಕೈಯಲ್ಲಿದೆಯೋ ಅವರದು. ಇಟಲಿಯ ರಸ್ತೆ, ಅಮೆರಿಕದ ನೋಟು, ಇಂಗ್ಲೆಂಡಿನ ದಲ್ಲಾಳಿ, ಡಚ್ಚರ ರನ್‌ವೇ, ಲಕ್ಸೆಂಬರ್ಗಿನ ಕೌಂಟರು. ಸರ್ವ ರಾಷ್ಟ್ರಗಳ ಶಾಂತಿಯ ತೋಟವನ್ನು ವಿಶ್ವಸಂಸ್ಥೆ ಇನ್ನೂ ಹುಡುಕುತ್ತಿತ್ತು, ತೆರಿಗೆ ತಪ್ಪಿಸುವವರು ಆಗಲೇ ಅಲ್ಲಿ ಬೇಲಿ ಹಾಕಿ ಕೂತಿದ್ದರು.

ಈಗ ವಿಷಯದ ಹೊಕ್ಕುಳಿಗೆ ಬರೋಣ. ಹೊಲದಲ್ಲಿ ಬೆಳೆಯುವುದು ರಾಗಿ, ಸಾಲ ತೀರಿಸಬೇಕಾದ್ದು ಏಲಕ್ಕಿಯಲ್ಲಿ ಎಂದರೆ ಆ ರೈತನ ಗತಿ ಏನೋ, ಡಾಲರಿನಲ್ಲಿ ಸಾಲ ಮಾಡಿದ ಬಡದೇಶದ ಗತಿ ಅದೇ. ತೆರಿಗೆ ಬರುವುದು ತನ್ನ ರೂಪಾಯಿಯಲ್ಲಿ, ಕ್ವಾಚಾದಲ್ಲಿ, ಪೆಸೊದಲ್ಲಿ. ಕಂತು ಕಟ್ಟಬೇಕಾದ್ದು ಡಾಲರಿನಲ್ಲಿ. ತನ್ನ ನೋಟು ಬಿದ್ದಷ್ಟೂ ಸಾಲ ಬೆಳೆಯುತ್ತದೆ, ಒಂದು ಪೈಸೆ ಹೊಸದಾಗಿ ತರದಿದ್ದರೂ. ಬ್ಯಾರಿ ಐಕೆನ್‌ಗ್ರೀನ್ ಮತ್ತು ರಿಕಾರ್ಡೊ ಹೌಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1999ರಲ್ಲಿ ಇದಕ್ಕೆ ‘ಮೂಲಪಾಪ’ ಎಂದು ಹೆಸರಿಟ್ಟರು. ಬೈಬಲಿನ ಮೂಲಪಾಪದಲ್ಲಿ ಹಣ್ಣು ತಿಂದವರನ್ನೇ ತೋಟದಿಂದ ಓಡಿಸಲಾಯಿತು. ಇಲ್ಲಿ ಹಣ್ಣು ತಿಂದವರು ತೋಟದಲ್ಲೇ ಉಳಿಯುತ್ತಾರೆ, ಕೂಲಿಯಾಳುಗಳನ್ನು ಓಡಿಸುತ್ತಾರೆ.

ಹಾಗಾದರೆ ಇಷ್ಟು ಅಪಾಯದ ಸಾಲವನ್ನು ಕೊಡುವವರಾದರೂ ಯಾಕೆ ಕೊಡುತ್ತಾರೆ? ಬಡ್ಡಿಗಾಗಿ. ಅಮೆರಿಕ ಸರ್ಕಾರಕ್ಕೆ ಕೊಟ್ಟರೆ ಶೇ. 2 ಸಿಗುವ ಕಾಲದಲ್ಲಿ ಬಡದೇಶಕ್ಕೆ ಕೊಟ್ಟರೆ ಶೇ. 7 ಸಿಗುತ್ತದೆ. ಆ ಹೆಚ್ಚಿನ ಐದು ಯಾವುದಕ್ಕೆ ಎಂದು ಕೇಳಿದರೆ, ‘ಅಪಾಯ ಹೊರುವುದಕ್ಕೆ’ ಎನ್ನುತ್ತಾರೆ. ನ್ಯಾಯವಾದ ಕೂಲಿ. ತಮಾಷೆ ಶುರುವಾಗುವುದು ಅಪಾಯ ನಿಜಕ್ಕೂ ಬಾಗಿಲಿಗೆ ಬಂದಾಗ. ಹತ್ತು ವರ್ಷ ಹೊರೆಯ ಕೂಲಿ ಎಣಿಸಿಕೊಂಡ ಹಮಾಲಿ, ಹೊರೆ ಬಂದ ದಿನ ‘ನನಗೆ ಬೆನ್ನುನೋವು’ ಎಂದು ವಕೀಲನನ್ನು ಕರೆತರುತ್ತಾನೆ.

ಜಾತ್ರೆಯ ಮೊದಲ ದಿನ ಮಾತ್ರ ಎಂಥ ಸೊಗಸು! ಅದಕ್ಕೆ ‘ರೋಡ್‌ಶೋ’ ಎನ್ನುತ್ತಾರೆ. ಹಣಕಾಸು ಮಂತ್ರಿಗಳು ಸೂಟು ಹೊಲಿಸಿಕೊಂಡು ಲಂಡನ್, ನ್ಯೂಯಾರ್ಕ್ ಸುತ್ತುತ್ತಾರೆ. ರೇಟಿಂಗ್ ಏಜೆನ್ಸಿಗಳು ಜಾತಕ ಬರೆಯುತ್ತವೆ, ದಕ್ಷಿಣೆಯನ್ನು ಜಾತಕದವನೇ ಕೊಡುವುದರಿಂದ ದೋಷಗಳೆಲ್ಲ ಸಣ್ಣಕ್ಷರದಲ್ಲಿರುತ್ತವೆ. ಮಾರನೆಯ ದಿನ ಪತ್ರಿಕೆಗಳಲ್ಲಿ ಸುದ್ದಿ: ‘ನಮ್ಮ ಬಾಂಡಿಗೆ ಹತ್ತು ಪಟ್ಟು ಬೇಡಿಕೆ!’ 2012ರಲ್ಲಿ ಜಾಂಬಿಯಾ ಮೊದಲ ಸಲ 75 ಕೋಟಿ ಡಾಲರ್ ಎತ್ತಿದಾಗ ಹೀಗೇ ಆಯಿತು. ಹತ್ತು ಪಟ್ಟಿಗೂ ಹೆಚ್ಚು ಜನ ಮುಗಿಬಿದ್ದರು. ತಾಮ್ರ ಅಗೆಯುವ ಆ ದೇಶಕ್ಕೆ ಸ್ಪೇನ್‌ಗಿಂತ ಕಡಿಮೆ ಬಡ್ಡಿಗೆ ಸಾಲ ಹುಟ್ಟಿತೆಂದು ಲೋಕವೆಲ್ಲ ಬೆರಗಾಯಿತು. ಎಂಟು ವರ್ಷದ ಬಳಿಕ, 2020ರ ನವೆಂಬರಿನಲ್ಲಿ, ಜಾಂಬಿಯಾ ಸುಸ್ತಿದಾರನಾಯಿತು. ಸಾಲ ಕೊಡಲು ನೂಕುನುಗ್ಗಲು ಮಾಡಿದ್ದನ್ನು ಸಾಧನೆ ಎಂದು ಆಚರಿಸುವ ಪದ್ಧತಿ ಮಾತ್ರ ಎಲ್ಲೂ ನಿಂತಿಲ್ಲ.

ಆದರೆ ಈ ಕಲೆಯಲ್ಲಿ ಅರ್ಜೆಂಟೀನಾಕ್ಕೆ ಸಮನಾದವರು ಯಾರೂ ಇಲ್ಲ. ಎರಡು ಶತಮಾನಗಳಲ್ಲಿ ಮತ್ತೆ ಮತ್ತೆ ಕೈಯೆತ್ತಿದ ಆ ದೇಶ, 2017ರ ಜೂನ್‌ನಲ್ಲಿ ನೂರು ವರ್ಷದ ಡಾಲರ್ ಬಾಂಡು ಬಿಟ್ಟಿತು. ಅಸಲು ಕೊಡುವುದು 2117ಕ್ಕೆ. ಸಾಲಿಗರು ‘ಅಲ್ಲಿಯವರೆಗೆ ನಾವಿರುವುದಿಲ್ಲ’ ಎಂದಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ಮಾರಿದ್ದು 275 ಕೋಟಿ ಡಾಲರಿನ ಬಾಂಡು, ಬೇಡಿಕೆ ಬಂದದ್ದು 975 ಕೋಟಿಗೆ. ನೂರು ವರ್ಷದ ವಾಗ್ದಾನ ಮೂರು ವರ್ಷ ಬಾಳಿತು. 2020ರ ಮೇ ತಿಂಗಳಲ್ಲಿ ಅರ್ಜೆಂಟೀನಾ ಮತ್ತೆ ಸುಸ್ತಿ.

ಇದೇ ಅರ್ಜೆಂಟೀನಾ 2001ರಲ್ಲಿ ಕೈಯೆತ್ತಿದಾಗ ಏನಾಯಿತೆಂಬುದು ಹೂಡಿಕೆದಾರರಿಗೆ ಬಾಯಿಪಾಠ ಇತ್ತು. ಹೆಚ್ಚಿನ ಸಾಲಿಗರು ಸಿಕ್ಕಷ್ಟು ಸಾಕೆಂದು ಹೊಸ ಬಾಂಡಿಗೆ ಒಪ್ಪಿಕೊಂಡರು. ಎಲಿಯಟ್ ಎಂಬ ಅಮೆರಿಕನ್ ಹೂಡಿಕೆ ಸಂಸ್ಥೆ ಒಪ್ಪಲಿಲ್ಲ. ಬಿದ್ದ ಬೆಲೆಗೆ ಬಾಂಡುಗಳನ್ನು ಕೊಂಡು, ಪೂರ್ತಿ ಹಣ ಬೇಕೆಂದು ನ್ಯೂಯಾರ್ಕ್ ಕೋರ್ಟಿಗೆ ಹೋಯಿತು. ಅದರ ಅಂಗಸಂಸ್ಥೆ 2012ರ ಅಕ್ಟೋಬರಿನಲ್ಲಿ ಘಾನಾದ ತೇಮಾ ಬಂದರಿನಲ್ಲಿ ಅರ್ಜೆಂಟೀನಾ ನೌಕಾಪಡೆಯ ತರಬೇತಿ ಹಡಗು ‘ಲಿಬರ್ತಾದ್’ ಅನ್ನು ಜಪ್ತಿ ಮಾಡಿಸಿತು. ಕಂತು ಕಟ್ಟದವನ ಟ್ರ್ಯಾಕ್ಟರ್ ಎಳೆದೊಯ್ಯುವ ಫೈನಾನ್ಸ್ ಹುಡುಗರು ನಮ್ಮಲ್ಲೂ ಇದ್ದಾರೆ, ಆದರೆ ಯುದ್ಧನೌಕೆಗೆ ಕೈ ಹಾಕಿದವರಿಲ್ಲ. ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ ಹೇಳಿದ ಮೇಲೆ, ಡಿಸೆಂಬರಿನಲ್ಲಿ ಹಡಗು ಬಿಡುಗಡೆಯಾಯಿತು. 2014ರಲ್ಲಿ ಇನ್ನೂ ವಿಚಿತ್ರ: ಅರ್ಜೆಂಟೀನಾ ಬಡ್ಡಿ ಕಟ್ಟಲು ಹಣವನ್ನು ಬ್ಯಾಂಕಿಗೆ ಜಮಾ ಮಾಡಿತ್ತು. ಒಪ್ಪದವರಿಗೆ ಕೊಡದೆ ಒಪ್ಪಿದವರಿಗೂ ಕೊಡಕೂಡದು ಎಂದು ನ್ಯಾಯಾಧೀಶ ಥಾಮಸ್ ಗ್ರೀಸಾ ತಡೆದರು. ದುಡ್ಡು ಕೊಡಲು ಹೋದವನನ್ನೇ ತಡೆದು ಸುಸ್ತಿದಾರನೆಂದು ಸಾರಿದ ಮಹಾಪ್ರಸಂಗ ಅದು. ಕೊನೆಗೆ 2016ರಲ್ಲಿ ಎಲಿಯಟ್ 200 ಕೋಟಿ ಡಾಲರಿಗೂ ಹೆಚ್ಚು ಹಣ ಎಣಿಸಿಕೊಂಡು ಎದ್ದಿತು. ಅಪಾಯದ ಹೆಸರಿನಲ್ಲಿ ರಿಯಾಯಿತಿ ಪಡೆದು, ಅಪಾಯವೇ ಇಲ್ಲದವರಂತೆ ಪೂರ್ತಿ ವಸೂಲಿ. ಉಂಡೂ ಹೋದ, ಕೊಂಡೂ ಹೋದ.

ಮೊಜಾಂಬಿಕ್‌ನದು ಮೀನಿನ ಕಥೆ. 2013ರಲ್ಲಿ ಅಲ್ಲಿಯ ಸರ್ಕಾರಿ ಕಂಪನಿಯೊಂದು ಟ್ಯೂನಾ ಮೀನು ಹಿಡಿಯುತ್ತೇವೆಂದು 85 ಕೋಟಿ ಡಾಲರ್ ಎತ್ತಿತು. ಜಾಮೀನು ಸರ್ಕಾರದ್ದು. ದೋಣಿಗಳು ಫ್ರಾನ್ಸಿನಿಂದ ಬಂದವು, ಮಾಪುಟೊ ಬಂದರಿನಲ್ಲಿ ಕಟ್ಟಿದ ಹಗ್ಗ ಬಿಚ್ಚದೆ ತುಕ್ಕು ಹಿಡಿದವು. ಮೀನುಗಳು ಸುರಕ್ಷಿತವಾಗಿದ್ದವು. 2016ರಲ್ಲಿ ನೋಡಿದರೆ, ಸಂಸತ್ತಿಗೆ ತಿಳಿಸದೆ ಎತ್ತಿದ ಇನ್ನೂ ಎರಡು ಸಾಲಗಳು ಹೊರಬಂದವು. ಒಟ್ಟು ಲೆಕ್ಕ ಸುಮಾರು 200 ಕೋಟಿ ಡಾಲರ್. ನೆರವು ನಿಂತಿತು, ಅಲ್ಲಿಯ ಮೆಟಿಕಲ್ ನೋಟು ಕುಸಿಯಿತು. ಜಾಮೀನಿಗೆ ಸಹಿ ಹಾಕಿದ್ದ ಹಣಕಾಸು ಮಂತ್ರಿ ಮಾನ್ವೆಲ್ ಚಾಂಗ್ 2018ರ ಕೊನೆಯಲ್ಲಿ ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು, 2024ರಲ್ಲಿ ನ್ಯೂಯಾರ್ಕಿನಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. ಆ ಮೊಕದ್ದಮೆಯಲ್ಲಿ ಮೋಸಹೋದವರೆಂದು ಲೆಕ್ಕಕ್ಕೆ ಬಂದವರು ಯಾರು ಗೊತ್ತೇ? ಹೂಡಿಕೆದಾರರು. ಅಕ್ಕಿಯ ಬೆಲೆ ಏರಿದ್ದನ್ನು ಕಂಡ ಮಾಪುಟೊದ ಹೆಂಗಸಿಗೆ ನ್ಯೂಯಾರ್ಕಿನಲ್ಲಿ ಕೇಸು ಹಾಕುವ ಸೌಲಭ್ಯವಿಲ್ಲ. ಅವಳು ಬಾಂಡು ಕೊಂಡಿರಲಿಲ್ಲವಲ್ಲ!

ದೂರದ ಮಾತು ಬೇಡ, ಸಮುದ್ರದಾಚೆಯ ಶ್ರೀಲಂಕಾ ನೋಡಿ. 2007ರಲ್ಲಿ ಅದು ಮೊದಲ ಡಾಲರ್ ಬಾಂಡು ಬಿಟ್ಟಿತು: 50 ಕೋಟಿ ಡಾಲರ್, ಶೇ. 8.25 ಬಡ್ಡಿ, ಐದು ವರ್ಷದ ಗಡುವು. ವಿಶ್ವಬ್ಯಾಂಕಿನ ಸಾಲದಂತೆ ಷರತ್ತುಗಳ ಕಿರಿಕಿರಿ ಇಲ್ಲ, ‘ಯಾಕೆ, ಏನು’ ಎಂದು ಕೇಳುವವರಿಲ್ಲ. ರುಚಿ ಹತ್ತಿತು. ಹಳೆಯದನ್ನು ತೀರಿಸಲು ಹೊಸದು, ಹೊಸದನ್ನು ತೀರಿಸಲು ಇನ್ನೂ ಹೊಸದು. 2022ರ ಹೊತ್ತಿಗೆ ಈ ಬಾಂಡುಗಳ ಬಾಕಿಯೇ ಸುಮಾರು 1,250 ಕೋಟಿ ಡಾಲರ್. ಆ ವರ್ಷದ ಜನವರಿ 18ರಂದು 50 ಕೋಟಿ ಡಾಲರಿನ ಒಂದು ಬಾಂಡಿನ ಗಡುವು ಬಂತು. ಔಷಧಿಗೆ, ಇಂಧನಕ್ಕೆ ಆಗಲೇ ಡಾಲರಿಲ್ಲ. ಈಗಲಾದರೂ ತಡೆಹಿಡಿಯಿರಿ ಎಂದು ಅಲ್ಲಿಯ ಅರ್ಥಶಾಸ್ತ್ರಜ್ಞರು ಬಡಿದುಕೊಂಡರು. ಸರ್ಕಾರ ಮಾನಸ್ಥ ಕುಟುಂಬದಂತೆ ಒಂದು ಸೆಂಟು ಬಿಡದೆ ಕಟ್ಟಿತು. ಪೇಟೆಯಲ್ಲಿ ಅಗ್ಗಕ್ಕೆ ಕೊಂಡವರಿಗೂ ಪೂರ್ತಿ ಮುಖಬೆಲೆ.

ಎರಡು ತಿಂಗಳಲ್ಲಿ ಮುದ್ರಿಸಲು ಕಾಗದವಿಲ್ಲದೆ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆಗಳು ಮುಂದಕ್ಕೆ ಹೋದವು. ಸೀಮೆಎಣ್ಣೆ, ಪೆಟ್ರೋಲಿನ ಸರದಿಯಲ್ಲಿ ನಿಂತ ಮುದುಕರು ನಿಂತಲ್ಲೇ ಕುಸಿದು ಸತ್ತರು. ಡಾಲರಿಗೆ 200 ಇದ್ದ ರೂಪಾಯಿ ಮಾರ್ಚಿನಿಂದ ಮೇ ತಿಂಗಳೊಳಗೆ 360ರ ಸುತ್ತ ಬಂತು. ಅಂದರೆ ಸಾಲಿಗ ಎದ್ದು ಕೂರುವ ಮೊದಲೇ ಪ್ರತಿ ಶ್ರೀಲಂಕನ್ನನ ಪಾಲಿನ ಡಾಲರ್ ಸಾಲ, ರೂಪಾಯಿ ಲೆಕ್ಕದಲ್ಲಿ, ಮುಕ್ಕಾಲು ಪಟ್ಟು ಉಬ್ಬಿತ್ತು. ಏಪ್ರಿಲ್ 12ರಂದು ‘ಇನ್ನು ಆಗುವುದಿಲ್ಲ’ ಎಂದರು. ಜುಲೈಯಲ್ಲಿ ಅಧ್ಯಕ್ಷ ಗೊಟಬಯ ವಿಮಾನ ಹತ್ತಿದರು. ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಚಿಟಿಕೆಯಷ್ಟು ದ್ವೀಪದೇಶದ ಬ್ಯಾಂಕೊಂದು, ತನ್ನ ಬಳಿಯಿದ್ದ 25 ಕೋಟಿ ಡಾಲರಿನ ಬಾಂಡಿಗೆ ಪೂರ್ತಿ ಹಣ ಬೇಕೆಂದು ಆ ಜೂನ್‌ನಲ್ಲೇ ನ್ಯೂಯಾರ್ಕ್ ಕೋರ್ಟಿನ ಮೆಟ್ಟಿಲೇರಿತ್ತು. 2024ರ ಡಿಸೆಂಬರಿನಲ್ಲಿ ಹಳೆ ಬಾಂಡು ಕೊಟ್ಟು ಹೊಸ ಬಾಂಡು ಪಡೆಯುವ ಶಾಸ್ತ್ರ ನಡೆಯಿತು. ಅದರಲ್ಲೊಂದು ಹೊಸ ಮಾದರಿ: ದೇಶದ ಆರ್ಥಿಕತೆ ಅಂದಾಜಿಗಿಂತ ಚೆನ್ನಾಗಿ ಬೆಳೆದರೆ ಸಾಲಿಗರಿಗೆ ಕೊಡುವುದೂ ಹೆಚ್ಚು. ರೋಗಿ ಚೇತರಿಸಿಕೊಂಡಷ್ಟೂ ಆಸ್ಪತ್ರೆ ಬಿಲ್ ಏರುವ ವ್ಯವಸ್ಥೆ.

‘ನಮ್ಮ ದೇಶ ಹಾಗಿಲ್ಲವಲ್ಲ’ ಎಂದು ಎದೆಯುಬ್ಬಿಸುವವರಿಗೆ ಅರ್ಧ ಚಪ್ಪಾಳೆ. ಭಾರತ ಸರ್ಕಾರ ಈವರೆಗೆ ತನ್ನ ಹೆಸರಿನಲ್ಲಿ ಒಂದೂ ಡಾಲರ್ ಬಾಂಡು ಬಿಟ್ಟಿಲ್ಲ, ನಿಜ. ಆದರೆ ಪರರ ನೋಟಿನ ಸಾಲದ ರುಚಿಯನ್ನು ನಮ್ಮ ಮುತ್ತಜ್ಜಂದಿರು ಚೆನ್ನಾಗಿ ಉಂಡಿದ್ದಾರೆ. ಬ್ರಿಟಿಷರ ಕಾಲದಲ್ಲಿ ಲಂಡನ್ನಿನ ಸಾಲದ ಬಡ್ಡಿ, ರೈಲ್ವೆ ಕಂಪನಿಗಳಿಗೆ ಖಾತರಿ ಕೊಟ್ಟ ಬಡ್ಡಿ, ಸಾಹೇಬರ ಪಿಂಚಣಿ ಎಲ್ಲವನ್ನೂ ಭಾರತ ಪೌಂಡಿನಲ್ಲಿ ಕಟ್ಟಬೇಕಿತ್ತು. 1870ರ ದಶಕದ ಆರಂಭದಲ್ಲಿ ಸುಮಾರು ಎರಡು ಶಿಲಿಂಗ್ ಬಾಳುತ್ತಿದ್ದ ಬೆಳ್ಳಿ ರೂಪಾಯಿ 1892ರ ಹೊತ್ತಿಗೆ ಒಂದೂಕಾಲು ಶಿಲಿಂಗಿಗೆ ಇಳಿಯಿತು. ಈ ನಷ್ಟ ಮತ್ತು ಬರ್ಮಾ ಯುದ್ಧದ ಖರ್ಚಿಗಾಗಿ 1888ರಲ್ಲಿ ಉಪ್ಪಿನ ಸುಂಕ ಏರಿಸಿದರು. ಉಪ್ಪು ತಿಂದವನು ನೀರು ಕುಡಿಯಬೇಕು ಎಂಬ ಗಾದೆಗೆ ಸಾಮ್ರಾಜ್ಯದ ವ್ಯಾಖ್ಯಾನ: ಸಾಲ ತಿಂದವನು ಲಂಡನ್ನಿನಲ್ಲಿ, ಉಪ್ಪು ತಿಂದದ್ದಕ್ಕೆ ದಂಡ ತೆತ್ತವನು ನಮ್ಮಲ್ಲಿ.

ಸ್ವತಂತ್ರ ಭಾರತ ಹಿಂಬಾಗಿಲಿನ ಮಡಿವಂತ. ಪೋಖ್ರಾನ್ ಸ್ಫೋಟದ ಬಳಿಕ ನಿರ್ಬಂಧ ಬಿದ್ದಾಗ, 1998ರಲ್ಲಿ ಸ್ಟೇಟ್ ಬ್ಯಾಂಕಿನ ಮೂಲಕ ಅನಿವಾಸಿಗಳಿಂದ ‘ರಿಸರ್ಜೆಂಟ್ ಇಂಡಿಯಾ ಬಾಂಡ್’ ಹೆಸರಿನಲ್ಲಿ 420 ಕೋಟಿ ಡಾಲರ್ ಬಂತು, ಬಡ್ಡಿ ಶೇ. 7.75. ರೂಪಾಯಿ ಬಿದ್ದರೆ ಆಗುವ ನಷ್ಟದ ಹೆಚ್ಚಿನ ಪಾಲು ಸರ್ಕಾರದ್ದು, ಅಂದರೆ ನಿಮ್ಮದು. ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ದೇಶಪ್ರೇಮಕ್ಕೂ ಡಾಲರಿನಲ್ಲಿ ಬಡ್ಡಿ ಸಿಕ್ಕಿತು, ಕೋಲಾರದಲ್ಲಿ ಕೂತವರು ಅದನ್ನು ಪುಕ್ಕಟೆ ಮಾಡಬೇಕಾಯಿತು. ಅದೃಷ್ಟಕ್ಕೆ ಐದು ವರ್ಷದಲ್ಲಿ ರೂಪಾಯಿ ಹೆಚ್ಚು ಬೀಳಲಿಲ್ಲ, ಅದೃಷ್ಟವನ್ನೇ ನೀತಿ ಎಂದು ಕರೆದೆವು. 2019ರ ಜುಲೈ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ವಿದೇಶಿ ನಾಣ್ಯದಲ್ಲೇ ಸರ್ಕಾರಿ ಸಾಲ ಎತ್ತುವುದಾಗಿ ಘೋಷಿಸಿದರು. ಆಗ ಒಂದು ಪವಾಡ ನಡೆಯಿತು: ರಘುರಾಮ್ ರಾಜನ್, ಸಿ. ರಂಗರಾಜನ್‌ರಂಥ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್‌ಗಳೂ ಸ್ವದೇಶಿ ಜಾಗರಣ ಮಂಚ್ ಕೂಡ ಒಂದೇ ದನಿಯಲ್ಲಿ ‘ಬೇಡ’ ಎಂದರು. ಪ್ರಸ್ತಾಪ ಮೂಲೆ ಸೇರಿತು.

ಕಂಪನಿಗಳಿಗೆ ಅಂಥ ಹಿತೈಷಿಗಳಿರಲಿಲ್ಲ. 2007ರ ಆಸುಪಾಸು ಡಾಲರಿಗೆ 40 ರೂಪಾಯಿ ಇದ್ದಾಗ, ಷೇರಾಗಿ ಪರಿವರ್ತನೆಯಾಗಬಲ್ಲ ವಿದೇಶಿ ಬಾಂಡುಗಳನ್ನು ಎಲ್ಲರೂ ಬಿಟ್ಟರು. ಷೇರು ಏರುತ್ತದೆ, ಸಾಲಿಗ ಷೇರು ತಗೊಳ್ಳುತ್ತಾನೆ, ಸಾಲ ತೀರಿಸುವ ಪ್ರಮೇಯವೇ ಇಲ್ಲ ಎಂಬ ಲೆಕ್ಕ. ನಮ್ಮ ಪಡುಬಿದ್ರಿಯಲ್ಲೂ ಗಾಳಿಯಂತ್ರದ ಘಟಕ ಇಟ್ಟಿದ್ದ ಸುಜ್ಲಾನ್ ಅವರಲ್ಲೊಂದು. ಷೇರು ನೆಲಕಚ್ಚಿತು, ಡಾಲರು 50 ದಾಟಿತು, 2012ರ ಅಕ್ಟೋಬರಿನಲ್ಲಿ ಸುಮಾರು 21 ಕೋಟಿ ಡಾಲರ್ ಕಟ್ಟಲಾಗದೆ ಕಂಪನಿ ಸುಸ್ತಿಯಾಯಿತು. ಗಾಳಿ ನಂಬಿ ವ್ಯಾಪಾರ ಮಾಡಿದವರೂ ಗಾಳಿ ತಿರುಗಬಹುದೆಂದು ಎಣಿಸಲಿಲ್ಲ.

ಪರಿಹಾರ ಇಲ್ಲವೇ? ಇದೆ, ಅದರ ಹೆಸರು ಮಸಾಲಾ ಬಾಂಡು. ಲಂಡನ್ನಿನಲ್ಲಿ ಮಾರಿದರೂ ಸಾಲ ರೂಪಾಯಿಯ ಲೆಕ್ಕದ್ದು, ರೂಪಾಯಿ ಬಿದ್ದರೆ ನಷ್ಟ ಕೊಂಡವನದ್ದು. 2016ರಲ್ಲಿ ಎಚ್‌ಡಿಎಫ್‌ಸಿ ಹೀಗೆ 3,000 ಕೋಟಿ ರೂಪಾಯಿ ಎತ್ತಿತು. 2019ರಲ್ಲಿ ಕೇರಳದ ಮೂಲಸೌಕರ್ಯ ನಿಧಿ ಕಿಫ್‌ಬಿ ಶೇ. 9.723 ಬಡ್ಡಿಗೆ 2,150 ಕೋಟಿ ರೂಪಾಯಿ ತಂದಿತು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಲಂಡನ್ ಷೇರುಪೇಟೆಯ ವಹಿವಾಟಿಗೆ ಚಾಲನೆ ಕೊಟ್ಟರು. ಕಮ್ಯುನಿಸ್ಟರಿಗೂ ಬಂಡವಾಳ ಬೇಕು ಎಂದು ಕಂಡು ಕೆಲವರು ನಕ್ಕರು, ಬಡ್ಡಿ ದುಬಾರಿ ಎಂದು ಇನ್ನು ಕೆಲವರು ಗದ್ದಲ ಎಬ್ಬಿಸಿದರು. ಅದೇ ಹಣವನ್ನು ಡಾಲರಿನಲ್ಲಿ ಶೇ. 5ಕ್ಕೆ ತಂದಿದ್ದರೆ ಅವರೇ ಶಾಲು ಹೊದಿಸುತ್ತಿದ್ದರು. ರೂಪಾಯಿ ಸಾಲದಲ್ಲಿ ಅಪಾಯದ ಬೆಲೆ ಮುಖಪುಟದಲ್ಲೇ ಇರುತ್ತದೆ. ಡಾಲರ್ ಸಾಲದಲ್ಲಿ ಅದು ಹತ್ತು ವರ್ಷ ತಲೆಮರೆಸಿಕೊಂಡಿದ್ದು, ಸಹಿ ಹಾಕಿದವರು ಮಾಜಿಗಳಾದ ಮೇಲೆ ಅಡುಗೆ ಅನಿಲದ ಬಿಲ್ಲಿನಲ್ಲಿ ಪ್ರತ್ಯಕ್ಷವಾಗುತ್ತದೆ. ರಾಜಕಾರಣಿಗೆ ಯಾವುದು ಅಗ್ಗ ಎಂದು ಬೇರೆ ಹೇಳಬೇಕೇ?

ಪ್ರತಿ ಬಾಂಡಿನ ಜೊತೆಗೆ ಪ್ರಾಸ್ಪೆಕ್ಟಸ್ ಎಂಬ ದಪ್ಪ ಪುಸ್ತಕ ಇರುತ್ತದೆ. ಅದರಲ್ಲಿ ‘ಅಪಾಯಗಳು’ ಎಂಬ ಅಧ್ಯಾಯ ಕಡ್ಡಾಯ. ಯುದ್ಧ, ಬರ, ಚುನಾವಣೆ, ಮುಷ್ಕರ, ಭೂಕಂಪ, ಯಾವುದರಿಂದ ಹೂಡಿಕೆದಾರನ ಕೂಪನ್ನಿಗೆ ಕುತ್ತು ಬಂದೀತು ಎಂದು ಹತ್ತಾರು ಪುಟ ಎಚ್ಚರಿಸುತ್ತಾರೆ. ಆ ಹೂಡಿಕೆದಾರನಿಂದ ಊರಿಗೆ ಬರಬಹುದಾದ ಕುತ್ತಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಆದ್ದರಿಂದ ನನ್ನದೊಂದು ಸಣ್ಣ ತಿದ್ದುಪಡಿ: ತೀರಿಸುವವರಿಗೂ ಒಂದು ಪ್ರಾಸ್ಪೆಕ್ಟಸ್ ಅಚ್ಚಾಗಲಿ, ಅವರವರ ಭಾಷೆಯಲ್ಲಿ, ರೇಷನ್ ಅಂಗಡಿಯಲ್ಲಿ ಸಿಗುವಂತೆ. ನಮ್ಮ ನೋಟು ಅರ್ಧಕ್ಕಿಳಿದರೆ ಕಂತು ಎಷ್ಟಾಗುತ್ತದೆ, ಅದಕ್ಕೆ ಯಾವ ಆಸ್ಪತ್ರೆಯ ಔಷಧಿ, ಯಾವ ಶಾಲೆಯ ಕಾಗದ ನಿಲ್ಲುತ್ತದೆ, ಗಡುವಿನ ದಿನ ಸಹಿ ಹಾಕಿದವರು ಯಾವ ಊರಿನಲ್ಲಿರುತ್ತಾರೆ, ಇಷ್ಟನ್ನು ಬರೆದರೆ ಸಾಕು. ಓದಿದ ಮೇಲೂ ಜನ ಒಪ್ಪಿದರೆ ಧಾರಾಳವಾಗಿ ಸಾಲ ಎತ್ತಲಿ.

ಬ್ಯಾಂಕರುಗಳು ಇದಕ್ಕೆ ಒಪ್ಪುವುದಿಲ್ಲ. ಜನರಿಗೆ ಮೊದಲೇ ಲೆಕ್ಕ ಹೇಳಿದರೆ ಸಾಲ ಹುಟ್ಟುವ ಸಂಭವವೇ ಕಡಿಮೆ, ಅದು ಹೂಡಿಕೆದಾರರಿಗೆ ದೊಡ್ಡ ಅಪಾಯ ಎನ್ನುತ್ತಾರೆ. ಆ ಅಪಾಯಕ್ಕೂ ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಕೇಳುತ್ತಾರೆ.